ಬ್ರಷ್‌ಗೆಷ್ಟು, ಗಾಳಿಗೆಷ್ಟು?

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಹಾರಿಸಿದ ಮೆಸರ್‌ಸ್ಮಿಟ್ ಬಿಎಫ್ 109 ವಿಮಾನಗಳ ಒಡಲಿನ ಮೇಲೆ ಬೂದುಬಣ್ಣದ ಮಚ್ಚೆಗಳು ಕಾಣುತ್ತಿದ್ದವು. ಸ್ಪ್ರೇ ಗನ್ನಿನಲ್ಲಿ ಹೊಡೆದ ಮಚ್ಚೆಗಳಾದ್ದರಿಂದ ಅವುಗಳ ಅಂಚು ಗೆರೆ ಎಳೆದಂತಿರದೆ, ತಿಳಿಯಾಗುತ್ತ ಹಿಂದಿನ ಬಣ್ಣದಲ್ಲಿ ಕರಗುತ್ತಿತ್ತು. ಈ ತುದಿಯಿಂದ ಆ ತುದಿಗೆ ಸುಮಾರು ಹತ್ತು ಮೀಟರ್ ರೆಕ್ಕೆಯಿದ್ದ ಆ ವಿಮಾನ 1/72 ಅಳತೆಯ ಪ್ಲಾಸ್ಟಿಕ್ ಮಾದರಿಯಾದಾಗ ಹದಿನಾಲ್ಕು ಸೆಂಟಿಮೀಟರ್‌ಗೆ ಇಳಿಯುತ್ತದೆ. ಅಸಲಿನಲ್ಲಿ ಏಳು ಸೆಂಟಿಮೀಟರ್ ಅಗಲಕ್ಕೆ ಮಾಸುವ ಅಂಚು ಇಲ್ಲಿ ಒಂದೇ ಮಿಲಿಮೀಟರ್. ಕೂದಲಿನ ಬ್ರಷ್‌ನಲ್ಲಿ ಎಷ್ಟು ನಾಜೂಕಾಗಿ ಬಳಿದರೂ ಆ ಒಂದು ಮಿಲಿಮೀಟರ್ ಕೈಗೆ ಸಿಗುವುದು ಕಷ್ಟ. ಮಾದರಿ ಕಟ್ಟುವವರು ಏರ್‌ಬ್ರಷ್ ಹುಡುಕಲು ಶುರುಮಾಡುವುದು ಸಾಮಾನ್ಯವಾಗಿ ಇಂಥ ಕಡೆಯೇ.

ಹುಡುಕಿದರೆ ಬೆಲೆ ಒಂದೆರಡು ಸಾವಿರ ರೂಪಾಯಿಯಿಂದ ಶುರುವಾಗಿ ಇಪ್ಪತ್ತು ಸಾವಿರವನ್ನೂ ದಾಟುತ್ತದೆ. ನೋಡಲು ಎಲ್ಲವೂ ಒಂದೇ: ದಪ್ಪ ಪೆನ್ನಿನಂಥ ಲೋಹದ ಕೊಳವೆ, ಮೇಲೊಂದು ಪುಟ್ಟ ಬಟ್ಟಲು, ತೋರುಬೆರಳಿಗೊಂದು ಟ್ರಿಗರ್. ಒಳಗಿನ ಏರ್ಪಾಡೂ ಬಹುಮಟ್ಟಿಗೆ ಒಂದೇ. ನಾಜಲ್‌ನ ಸುತ್ತ ವೇಗವಾಗಿ ಹಾಯುವ ಗಾಳಿ ಬಣ್ಣವನ್ನು ಹೊರಗೆಳೆದು ಸೂಕ್ಷ್ಮ ಹನಿಗಳಾಗಿ ಒಡೆಯುತ್ತದೆ. ನಾಜಲ್‌ನಲ್ಲಿ ಕೂತ ಸೂಜಿ ಹಿಂದೆ ಸರಿದಷ್ಟೂ ಬಣ್ಣ ಹೆಚ್ಚು ಬರುತ್ತದೆ. ಗಾಳಿ, ಬಣ್ಣ ಎರಡೂ ಬ್ರಷ್‌ನ ಮೂತಿಯೊಳಗೇ ಕೂಡುವ ಈ ವಿನ್ಯಾಸಕ್ಕೆ ಅಮೆರಿಕದ ಚಾರ್ಲ್ಸ್ ಬರ್ಡಿಕ್ 1892ರಲ್ಲಿ ಪೇಟೆಂಟ್ ಪಡೆದರು. ಇಂದಿನ ಬ್ರಷ್‌ಗಳು ಅದರ ವಂಶದವೇ.

ಮೊದಲ ಬ್ರಷ್ ಡ್ಯುಯಲ್ ಆ್ಯಕ್ಷನ್ ಆಗಿರಲಿ, ಬಟ್ಟಲು ಮೇಲಿರಲಿ. ಮೇಲಿನ ಬಟ್ಟಲಿನಿಂದ ಬಣ್ಣ ತಾನಾಗಿ ಇಳಿಯುವುದರಿಂದ ಕಡಿಮೆ ಗಾಳಿ ಸಾಕು, ನಾಲ್ಕೈದು ಹನಿ ಬಣ್ಣದಲ್ಲೂ ಕೆಲಸ ನಡೆಯುತ್ತದೆ. ಡ್ಯುಯಲ್ ಆ್ಯಕ್ಷನ್ ಎಂದರೆ ಟ್ರಿಗರ್ ಒತ್ತಿದಾಗ ಗಾಳಿ, ಹಿಂದಕ್ಕೆಳೆದಾಗ ಬಣ್ಣ. ಮೊದಲು ಗಾಳಿ ಬಿಟ್ಟು ಆಮೇಲೆ ಬಣ್ಣ ಎಳೆಯಬೇಕು. ನಿಲ್ಲಿಸುವಾಗ ಮೊದಲು ಬಣ್ಣ ನಿಲ್ಲಿಸಿ, ಗಾಳಿಯನ್ನು ಕೊನೆಗೆ ನಿಲ್ಲಿಸಬೇಕು. ಈ ಕ್ರಮ ತಪ್ಪಿದರೆ ಸೂಜಿಯ ತುದಿಯಲ್ಲೊಂದು ಹನಿ ಉಳಿದು, ಮುಂದಿನ ಸಲ ಮಾದರಿಯ ಮೇಲೆ ಚಿಮ್ಮುತ್ತದೆ. ಬೆರಳು ಇದನ್ನು ಕಲಿಯುವುದು ಅಭ್ಯಾಸದಿಂದ ಮಾತ್ರ. ಹಳೆಯ ಪ್ಲಾಸ್ಟಿಕ್ ಚಮಚ, ಬಾಟಲಿಗಳು ಆ ಅಭ್ಯಾಸಕ್ಕೆ ಚೆನ್ನ.

ಹೊಸಬರನ್ನು ಹೆಚ್ಚು ಸೆಳೆಯುವುದು ನಾಜಲ್‌ನ ಅಳತೆ. 0.2 ಮಿಲಿಮೀಟರ್ ನಾಜಲ್ ಇದ್ದರೆ ಕೂದಲೆಳೆಯ ಗೆರೆ ಬರುತ್ತದೆಂಬ ಆಸೆ ಸಹಜವೇ. ಆದರೆ ರಂಧ್ರ ಚಿಕ್ಕದಾದಷ್ಟೂ ಬಣ್ಣ ಕಟ್ಟಿಕೊಳ್ಳುವುದು ಹೆಚ್ಚು. ಪ್ರೈಮರ್ (ಅಡಿಬಣ್ಣ) ಮತ್ತು ಲೋಹದ ಬಣ್ಣದ ಕಣಗಳಂತೂ ಅದರಲ್ಲಿ ಸಿಕ್ಕಿಬೀಳುತ್ತವೆ. ಮೊದಲ ಬ್ರಷ್‌ಗೆ 0.3ರಿಂದ 0.5ರವರೆಗಿನ ಅಳತೆ ಸರಿಯಾದದ್ದು. 1/72ರ ಪುಟ್ಟ ವಿಮಾನಕ್ಕೂ 1/35ರ ಟ್ಯಾಂಕಿಗೂ ಅದು ಒದಗುತ್ತದೆ.

ಬೆಲೆ ಚೀಟಿಗಿಂತ ಮೊದಲು ನೋಡಬೇಕಾದ್ದು ಬಿಡಿಭಾಗ. ಸೂಜಿ ಒಂದಲ್ಲ ಒಂದು ದಿನ ಕೈಜಾರಿ ಬಿದ್ದು ತುದಿ ಬಾಗುತ್ತದೆ. ಜಪಾನಿ ವಿನ್ಯಾಸಗಳನ್ನು ಅನುಸರಿಸಿ ಚೀನಾದಲ್ಲಿ ತಯಾರಾಗುವ ಅಗ್ಗದ ಬ್ರಷ್‌ಗಳಲ್ಲಿ ನಾಜಲ್ ಅಕ್ಕಿಕಾಳಿಗಿಂತ ಚಿಕ್ಕದು, ಸಣ್ಣ ಪಾನಾದಿಂದ ತಿರುಗಿಸಿ ಕೂರಿಸುವಂಥದು. ಒಂದೆಳೆ ಹೆಚ್ಚು ಬಿಗಿದರೆ ಅದರ ತಿರುಪಿನ ಭಾಗ ತುಂಡಾಗಿ ಬ್ರಷ್‌ನೊಳಗೇ ಉಳಿಯಬಹುದು. ಹಾಗೆಂದು ಅವನ್ನು ತಳ್ಳಿಹಾಕಬೇಕಿಲ್ಲ. ಚೆನ್ನಾಗಿ ತಯಾರಾದ ಒಂದು ಸಿಕ್ಕಿದರೆ, ಜೊತೆಗೆ ಹೆಚ್ಚುವರಿ ನಾಜಲ್ ಮತ್ತು ಸೂಜಿ ಅದೇ ಅಂಗಡಿಯಲ್ಲಿ ದೊರೆತರೆ, ಕಲಿಕೆಗೆ ಅದು ಸಾಕು. ಇನ್ನಷ್ಟು ಖರ್ಚು ಮಾಡಬಲ್ಲವರಿಗೆ 1964ರಲ್ಲಿ ಶುರುವಾದ ಅಮೆರಿಕದ ಬ್ಯಾಜರ್ ಕಂಪನಿಯ ಪೇಟ್ರಿಯಟ್ 105 ಇದೆ. ಅದರ ನಾಜಲ್ ದೊಡ್ಡದು, ತಿರುಪಿಲ್ಲದ್ದು; ಸುಮ್ಮನೆ ಇಟ್ಟು ಮೇಲಿನ ಮುಚ್ಚಳ ತಿರುಗಿಸಿದರೆ ತಾನೇ ಸರಿಯಾಗಿ ಕೂರುತ್ತದೆ. ಜರ್ಮನಿಯ ಹಾರ್ಡರ್ ಆ್ಯಂಡ್ ಸ್ಟೀನ್‌ಬೆಕ್ ಬ್ರಷ್‌ಗಳಲ್ಲೂ ಇದೇ ಅನುಕೂಲವಿದೆ. ದಿನವೂ ಬಿಚ್ಚಿ ತೊಳೆಯಬೇಕಾದ ಸಲಕರಣೆಯಲ್ಲಿ ಇದು ಸಣ್ಣ ಗುಣವಲ್ಲ. ಜಪಾನಿನ ಇವಾಟಾ ಹೆಸರಿನಲ್ಲಿ ಬರುವ ನಿಯೋ ಸರಣಿಯ 0.35 ಬ್ರಷ್ ಕೂಡ ಹೊಸಬರಿಗೆಂದೇ ಮಾಡಿದ್ದು.

ಇನ್ನು ಗಾಳಿ. ಬಜೆಟ್‌ನ ದೊಡ್ಡ ಪಾಲು ಹೋಗಬೇಕಾದ್ದು ಇಲ್ಲಿಗೆ, ಬಹಳ ಜನ ಕೈ ಬಿಗಿಹಿಡಿಯುವುದೂ ಇಲ್ಲಿಯೇ. ಬ್ರಷ್ ಆಮೇಲೆ ಬದಲಾಗಬಹುದು, ಒಳ್ಳೆಯ ಕಂಪ್ರೆಸರ್ ವರ್ಷಗಟ್ಟಲೆ ಉಳಿಯುತ್ತದೆ. ಟ್ಯಾಂಕ್ ಇಲ್ಲದ ಕಂಪ್ರೆಸರ್‌ನಲ್ಲಿ ಪಿಸ್ಟನ್ನಿನ ಒಂದೊಂದು ಬಡಿತವೂ ಬ್ರಷ್‌ವರೆಗೆ ಬಂದು ಗೆರೆ ನಡುಗುತ್ತದೆ. ಮೂರು ಲೀಟರಿನ ಟ್ಯಾಂಕ್ ಇದ್ದರೂ ಸಾಕು, ಗಾಳಿ ಒಂದೇ ಸಮ ಬರುತ್ತದೆ. ಈ ಬಗೆಯ ಸಣ್ಣ ಕಂಪ್ರೆಸರ್‌ಗಳು ಟ್ಯಾಂಕಿನ ಒತ್ತಡ ಸುಮಾರು 4 ಬಾರ್ ಮುಟ್ಟಿದಾಗ ತಾವೇ ನಿಂತು, 3ಕ್ಕೆ ಇಳಿದಾಗ ಮತ್ತೆ ಶುರುವಾಗುತ್ತವೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕೂತು ಕೆಲಸ ಮಾಡುವವರಿಗೆ ಈ ನಡುವಿನ ಮೌನ ದೊಡ್ಡ ಉಪಕಾರ. ಮಾದರಿಗೆ ಬೇಕಾಗುವ ಒತ್ತಡ 15ರಿಂದ 20 ಪಿಎಸ್‌ಐ ಮಾತ್ರ. ಅದನ್ನು ಹೊಂದಿಸಲು ರೆಗ್ಯುಲೇಟರ್ ಇರಲೇಬೇಕು. ಮನೆಯಲ್ಲಿ ಆಗಲೇ ಗ್ಯಾರೇಜ್ ಕಂಪ್ರೆಸರ್ ಇದ್ದರೆ ರೆಗ್ಯುಲೇಟರ್ ಹಾಕಿ ಅದನ್ನೇ ಬಳಸಬಹುದು, ಗದ್ದಲ ಸಹಿಸಿದರಾಯಿತು. ಬ್ರಷ್‌ಗೇ ಪುಟ್ಟ ಪಂಪು ಕೂರಿಸಿದ ರೀಚಾರ್ಜಬಲ್ ಕಿಟ್‌ಗಳು ತೆಳು ಬಣ್ಣಕ್ಕೆ ಪರವಾಗಿಲ್ಲ, ಮಂದವಾದ ಪ್ರೈಮರ್ ಬಂದಾಗ ಸೋಲುತ್ತವೆ.

ಮಂಗಳೂರು, ಕಾರವಾರದ ಕಡೆಯವರು ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒತ್ತಿದ ಗಾಳಿ ಬಿಸಿಯಾಗಿ, ಪೈಪಿನಲ್ಲಿ ತಣಿಯುವಾಗ ಅದರೊಳಗಿನ ತೇವ ನೀರಾಗುತ್ತದೆ. ಆ ನೀರು ಬಣ್ಣದ ಜೊತೆ ಸಿಡಿದರೆ ರೆಕ್ಕೆಯ ಮೇಲೆ ಕಲೆ ಖಚಿತ. ಈ ನೀರನ್ನು ಹಿಡಿದಿಡುವ ಕಂಪ್ರೆಸರ್‌ನ ಮಾಯಿಶ್ಚರ್ ಟ್ರ್ಯಾಪ್ ಸಾಲದಾದಾಗ ಬ್ರಷ್‌ನ ಬುಡದಲ್ಲಿ ಇನ್ನೊಂದನ್ನು ಸೇರಿಸುವುದು ಕಡಿಮೆ ಖರ್ಚಿನ ಉಪಾಯ.

ಬಣ್ಣದ ಹದ ಹಾಲಿನಷ್ಟು ತೆಳುವಾಗಿರಬೇಕು. ತಾಮಿಯಾ ಅಕ್ರಿಲಿಕ್‌ಗೆ ಅದೇ ಕಂಪನಿಯ ಎಕ್ಸ್-20ಎ ಥಿನ್ನರನ್ನು ಸಮಪಾಲು ಬೆರೆಸಿ ಶುರುಮಾಡಬಹುದು. ಸ್ಪೇನಿನ ವಾಯೆಹೋ ಕಂಪನಿಯ ಮಾಡೆಲ್ ಏರ್ ಬಣ್ಣಗಳು ಏರ್‌ಬ್ರಷ್‌ಗೆಂದೇ ತೆಳುವಾಗಿ ಬರುತ್ತವೆ. ಯಾವ ಬಣ್ಣವಾದರೂ ಕಿಟಕಿ ತೆರೆದಿರಲಿ, ಮೂಗಿಗೆ ಮಾಸ್ಕ್ ಇರಲಿ. ಎನ್95 ಮಾಸ್ಕ್ ಹನಿಗಳನ್ನು ತಡೆಯುತ್ತದೆಯೇ ಹೊರತು ಲ್ಯಾಕರ್ ಬಣ್ಣದ ಥಿನ್ನರಿನ ಆವಿಯನ್ನಲ್ಲ. ಅದಕ್ಕೆ ಆವಿ ಹೀರುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು. ಆ ಆವಿ ಬೆಂಕಿ ಹಿಡಿಯುವಂಥದ್ದು, ಆದ್ದರಿಂದ ಅಡುಗೆಮನೆಯ ಒಲೆಯ ಹತ್ತಿರ ಲ್ಯಾಕರ್ ಹೊಡೆಯಲೇಬಾರದು.

ಬ್ರಷ್ ಮನೆಗೆ ಬಂದ ದಿನವೇ, ವಾಪಸು ಕೊಡುವ ಗಡುವು ಮುಗಿಯುವ ಮೊದಲೇ, ಸೂಜಿಯನ್ನು ಹಿಂದಕ್ಕೆ ಎಳೆದು ತೆಗೆದು ತುದಿ ನೆಟ್ಟಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಆಮೇಲೆ ಬಟ್ಟಲಿಗೆ ಬರೀ ನೀರು ಹಾಕಿ ಕಾಗದದ ಮೇಲೆ ಹೊಡೆಯಬೇಕು. ಬಟ್ಟಲಿನ ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ಹಿಂದಕ್ಕೆ ನುಗ್ಗುತ್ತಿದೆ ಎಂದರ್ಥ. ಮುಂದಿನ ಮುಚ್ಚಳವನ್ನು ಬರಿಗೈಯಲ್ಲಿ ಬಿಗಿದ ಮೇಲೂ ಗುಳ್ಳೆ ನಿಲ್ಲದಿದ್ದರೆ ನಾಜಲ್ ಬಿರುಕು ಬಿಟ್ಟಿರಬೇಕು, ಇಲ್ಲವೇ ಸರಿಯಾಗಿ ಕೂತಿಲ್ಲ. ಅಂಥ ಬ್ರಷ್ಷನ್ನು ರಿಪೇರಿಗೆ ಕೂರದೆ ಬದಲಾಯಿಸಿಕೊಳ್ಳುವುದು ಒಳ್ಳೆಯದು.