ಏಜೆನ್ಸಿಯ ಕಾಗದಪತ್ರ ಪೂರ್ಣಗೊಳ್ಳುವ ಮುನ್ನ ಗುತ್ತಿಗೆ ಕೆಲಸ ಆರಂಭಿಸುವವರಿಗೆ ಮಾಹಿತಿ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ದತ್ತಾಂಶ ನಮೂದು, ಲೆಕ್ಕಪತ್ರ, ನಕ್ಷೆ ತಯಾರಿಕೆ ಮುಂತಾದ ಕೆಲಸಗಳನ್ನು ಏಜೆನ್ಸಿಗಳ ಮೂಲಕ ಸ್ವತಂತ್ರವಾಗಿ ನಿರ್ವಹಿಸುವವರಿಗೆ, ಕರಾರಿಗೆ ಸಹಿಯಾಗುವ ಮುನ್ನವೇ ಕೆಲಸ ಆರಂಭಿಸುವಂತೆ ಮೌಖಿಕವಾಗಿ ತಿಳಿಸುವುದುಂಟು. ಅಂತಹವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಲಿಖಿತ ಕರಾರು ಇಲ್ಲದಿದ್ದರೆ ಹಣ ದೊರೆಯುವುದೇ?

ಭಾರತೀಯ ಕರಾರು ಅಧಿನಿಯಮ, 1872ರ ಕಲಂ 10ರ ಪ್ರಕಾರ, ಬೇರೆ ಕಾನೂನು ಲಿಖಿತ ರೂಪವನ್ನು ಕಡ್ಡಾಯಗೊಳಿಸದಿದ್ದಲ್ಲಿ, ಮೌಖಿಕ ಕರಾರೂ ಸಿಂಧುವಾಗಬಹುದು. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ, ಕಾನೂನುಬದ್ಧವಾಗಿ ಮಾಡಿದ ಕೆಲಸದ ಪ್ರಯೋಜನ ಪಡೆದವರು ಪರಿಹಾರ ನೀಡತಕ್ಕದ್ದೆಂದು ಕಲಂ 70 ವಿಧಿಸುತ್ತದೆ.

ಸರ್ಕಾರದೊಂದಿಗಿನ ಕರಾರು ಸಂವಿಧಾನದ 299ನೇ ಅನುಚ್ಛೇದದ ವಿಧಿವಿಧಾನದಂತೆಯೇ ಆಗತಕ್ಕದ್ದು. 1944ರಲ್ಲಿ ಅಧಿಕಾರಿಗಳ ಕೋರಿಕೆಯ ಮೇರೆಗೆ, ಸಿಂಧುವಾದ ಕರಾರಿಲ್ಲದೆ, ಬಂಗಾಳದ ನಾಗರಿಕ ಸರಬರಾಜು ಇಲಾಖೆಗೆ ಕಾಮಗಾರಿ ನಿರ್ವಹಿಸಿದ ಬಿ.ಕೆ. ಮಂಡಲ್ ಸಂಸ್ಥೆಗೆ ಕಲಂ 70ರಡಿ ಹಣ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ತೀರ್ಪು ನೀಡಿತು. ಕೆಲಸ ಮಾಡಿದ್ದು 1944ರಲ್ಲಿ, ಅಂತಿಮ ತೀರ್ಪು ಬಂದದ್ದು 1961ರಲ್ಲಿ ಎಂಬುದನ್ನು ಗಮನಿಸುವುದು. ಹಕ್ಕು ಇದ್ದರೂ ಅದನ್ನು ರುಜುವಾತುಪಡಿಸುವ ಹೊಣೆ ಕೆಲಸ ಮಾಡಿದವರದೇ ಆಗಿರುತ್ತದೆ.

2. ಕೆಲಸ ಆರಂಭಿಸುವ ಮುನ್ನ

ಅ) ಕೆಲಸದ ವಿವರ, ದರ, ಆರಂಭದ ದಿನಾಂಕ ಹಾಗೂ ಹಣ ಪಾವತಿಯ ಅವಧಿಯನ್ನು ನಮೂದಿಸಿದ ಒಂದು ಪುಟದ ಪತ್ರವನ್ನಾದರೂ ಪಡೆಯುವುದು. ಪತ್ರ ದೊರೆಯದಿದ್ದಲ್ಲಿ ಇದೇ ವಿವರಗಳನ್ನು ಇ-ಮೇಲ್ ಮೂಲಕ ಕಳುಹಿಸಿ ಒಪ್ಪಿಗೆ ಪಡೆಯುವುದು.

ಆ) ಪತ್ರ ಅಥವಾ ಒಪ್ಪಿಗೆ ಬರುವವರೆಗೆ ಕೆಲಸವನ್ನು ಸಣ್ಣ ಭಾಗಗಳಲ್ಲಿ ಒಪ್ಪಿಸಿ, ಪ್ರತಿ ಭಾಗಕ್ಕೂ ಸ್ವೀಕೃತಿ ಪಡೆಯುವುದು. ಮೊಬೈಲ್ ಸಂದೇಶಗಳನ್ನು ಅಳಿಸಬಾರದು.

ಇ) ನಂತರ ಸಹಿಗೆ ಬರುವ ಕರಾರು ಹಿಂದಿನ ದಿನಗಳ ಕೆಲಸಕ್ಕೂ ಅನ್ವಯಿಸುವುದೆಂದು ಸ್ಪಷ್ಟವಾಗಿ ಬರೆಯಿಸುವುದು. ವ್ಯಾಜ್ಯಗಳು ಬೆಂಗಳೂರಿನ ನ್ಯಾಯಾಲಯದಲ್ಲಿ ಮಾತ್ರ ಎಂಬ ಷರತ್ತಿದ್ದಲ್ಲಿ, ಸ್ಥಳೀಯವಾಗಿ ದಾವೆ ಹೂಡಲು ಅಡ್ಡಿಯಾಗಬಹುದು.

ಈ) ಪ್ಯಾನ್ ಸಂಖ್ಯೆ ನೀಡುವುದು. ಮೂಲದಲ್ಲಿ ತೆರಿಗೆ ಕಡಿತ ಅನ್ವಯವಾಗುವಲ್ಲಿ, ಪ್ಯಾನ್ ಇಲ್ಲದಿದ್ದರೆ ಸಾಮಾನ್ಯವಾಗಿ ಶೇ. 20ರಂತೆ ಕಡಿತವಾಗುತ್ತದೆ.

3. ಹಣ ಬಾರದಿದ್ದಲ್ಲಿ

ಮೊದಲು ಬಿಲ್ಲಿನ ಪ್ರತಿಯೊಂದಿಗೆ ಲಿಖಿತ ಬೇಡಿಕೆಯನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸುವುದು. ಪಾವತಿಗೆ ಅವಧಿ ನಿಗದಿಯಾಗದಿದ್ದಲ್ಲಿ, ಕಾಲಮಿತಿ ಅಧಿನಿಯಮ, 1963ರಂತೆ ಕೆಲಸ ಮುಗಿದ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡತಕ್ಕದ್ದು. ಭರವಸೆಗಳನ್ನು ನಂಬಿ ಕಾಯುವುದರಿಂದ ಈ ಅವಧಿ ತಾನಾಗಿಯೇ ವಿಸ್ತರಣೆಯಾಗುವುದಿಲ್ಲ.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಡಿ ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಈ ಕಲಂನ ಯಾವುದೇ ವಿಶೇಷ ವರ್ಗಕ್ಕೆ ಸೇರದ ಇತರರಿಗೆ ಆದಾಯ ಮಿತಿ ಅನ್ವಯಿಸುತ್ತದೆ. ಸಿಂಧನೂರು ಮತ್ತು ಲಿಂಗಸುಗೂರಿನ ತಾಲ್ಲೂಕು ಕಾನೂನು ಸೇವಾ ಸಮಿತಿಗಳಲ್ಲಿ ಅರ್ಜಿ ಸಲ್ಲಿಸಬಹುದು. ಮಸ್ಕಿ ತಾಲ್ಲೂಕು ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಗ್ರಾಮಗಳಿಂದ ರಚನೆಯಾಗಿರುವುದರಿಂದ, ಅಲ್ಲಿನ ಅರ್ಜಿದಾರರು ತಮ್ಮ ಗ್ರಾಮವು ಯಾವ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.