ಭ್ರೂಣ ವರ್ಗಾವಣೆ: ವೆಚ್ಚದ ಲೆಕ್ಕ ಕರುವಿನ ಮೇಲಿರಲಿ

ಘಟಪ್ರಭಾ ತೀರದ ಅನಗವಾಡಿಯನ್ನೊಳಗೊಂಡ ಬೀಳಗಿ, ಮುಧೋಳ, ಜಮಖಂಡಿ ಪರಿಸರವು ಕೃಷ್ಣಾ ಕಣಿವೆ ಗೋತಳಿಯ ನೆಲೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಎರೆಭೂಮಿಯ ಉಳುಮೆಗಾಗಿ ರೂಪಿಸಿದ ಈ ತಳಿ ಇಂದು ವಿರಳವಾಗಿದೆ. ಉತ್ತಮ ಹಸುವೊಂದರಿಂದ ವರ್ಷಕ್ಕೆ ಹಲವು ಕರುಗಳನ್ನು ಪಡೆಯಬಲ್ಲ ಭ್ರೂಣ ವರ್ಗಾವಣೆಯು ತಳಿಯ ಉಳಿವಿಗೂ ಹೈನೋದ್ಯಮಕ್ಕೂ ಸಹಕಾರಿ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ಇದನ್ನು ಪ್ರೋತ್ಸಾಹಿಸಿದೆ. ಆದರೆ ವರ್ಗಾಯಿಸಿದ ಪ್ರತಿಯೊಂದು ಭ್ರೂಣವೂ ಕರುವಾಗುವುದಿಲ್ಲ ಎಂಬುದನ್ನು ಹೈನೋದ್ಯಮದಲ್ಲಿ ಬಂಡವಾಳ ಹೂಡುವವರು ಮೊದಲೇ ಅರಿತಿರಬೇಕು.

ಉಷ್ಣತೆ: ಈ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಮೊದಲ ಎರಡು-ಮೂರು ದಿನಗಳಲ್ಲಿ ಭ್ರೂಣವು ಶಾಖಕ್ಕೆ ಬಲುಬೇಗ ನಾಶವಾಗುತ್ತದೆ. ಏಳನೆಯ ದಿನದ ವೇಳೆಗೆ ತಾಳಿಕೆ ಬರುತ್ತದೆ. ವರ್ಗಾವಣೆ ನಡೆಯುವುದು ಆ ಹಂತದಲ್ಲಾದುದರಿಂದ, ಬೇಸಿಗೆಯಲ್ಲಿ ಕೃತಕ ಗರ್ಭಧಾರಣೆಗಿಂತ ಇದು ಹೆಚ್ಚು ಫಲಿಸಬಲ್ಲದೆಂದು ಅಮೆರಿಕದ ಫ್ಲಾರಿಡಾ ಪ್ರಾಂತದ ಪ್ರಯೋಗಗಳು ತೋರಿವೆ. ಆದರೆ ಬಿಸಿಲಿನಲ್ಲಿ ದಾನಿ ಹಸುವಿನ ಭ್ರೂಣಗಳ ಗುಣಮಟ್ಟ ಕುಗ್ಗುತ್ತದೆ. ತಂಪು ತಿಂಗಳುಗಳಲ್ಲಿ ಸಂಗ್ರಹಿಸಿ ಘನೀಕರಿಸಿಡುವುದು ಒಂದು ಪರಿಹಾರ. ಆದರೂ ಘನೀಕೃತ ಭ್ರೂಣದ ಯಶಸ್ಸು ತಾಜಾ ಭ್ರೂಣಕ್ಕಿಂತ ಸಾಮಾನ್ಯವಾಗಿ ತುಸು ಕಡಿಮೆ.

ಸ್ವೀಕರಿಸುವ ಹಸು: ಈ ಹಸುವಿನ ಬೆದೆಯು ದಾನಿ ಹಸುವಿನ ಬೆದೆಯೊಡನೆ ಹೆಚ್ಚೆಂದರೆ ಒಂದು ದಿನದ ಅಂತರದಲ್ಲಿರಬೇಕು. ಇಲ್ಲವಾದಲ್ಲಿ ಗರ್ಭಕೋಶವು ಭ್ರೂಣವನ್ನು ಧರಿಸಲು ಅಣಿಯಾಗಿರುವುದಿಲ್ಲ. ಹಸು ತೀರಾ ಬಡಕಲಾಗಿಯೂ ಅತಿ ಕೊಬ್ಬಿಯೂ ಇರಬಾರದು. ಕಬ್ಬಿನ ಸೋಗೆಯೊಂದನ್ನೇ ಮೇಯಿಸುವ ರೂಢಿ ಇಲ್ಲಿ ತೊಡಕಾಗುತ್ತದೆ. ಅದರಲ್ಲಿ ಸಸಾರಜನಕ ಅಲ್ಪ, ಅದರ ಆಕ್ಸಲೇಟ್ ಅಂಶವು ಸುಣ್ಣವನ್ನು ದೇಹಕ್ಕೆ ದಕ್ಕಗೊಡದು. ದ್ವಿದಳ ಮೇವು, ಖನಿಜ ಮಿಶ್ರಣ ಹಾಗೂ ಬ್ರುಸೆಲ್ಲಾ ರೋಗದ ಪರೀಕ್ಷೆ ಅವಶ್ಯ. ಪಶುವೈದ್ಯರ ಕೈಚಳಕವೂ ಫಲಿತಾಂಶವನ್ನು ನಿರ್ಧರಿಸುತ್ತದೆ.

ಲೆಕ್ಕಾಚಾರ: ಉದಾಹರಣೆಗಾಗಿ ಒಂದು ವರ್ಗಾವಣೆಯ ವೆಚ್ಚ ರೂ. 20,000 ಎಂದಿಟ್ಟುಕೊಳ್ಳೋಣ. 10 ವರ್ಗಾವಣೆಗೆ ರೂ. 2,00,000. 5 ಕರುಗಳು ಜನಿಸಿದರೆ ತಲಾ ರೂ. 40,000, 4 ಜನಿಸಿದರೆ ರೂ. 50,000. ಲಿಂಗ ನಿರ್ಧರಿತ ವೀರ್ಯ ಬಳಸದಿದ್ದಲ್ಲಿ ಅರ್ಧದಷ್ಟು ಹೋರಿಗರುಗಳೇ ಆಗುವುದರಿಂದ ಹೆಣ್ಣುಗರುವಿನ ವೆಚ್ಚ ಸುಮಾರು ಇಮ್ಮಡಿಯಾಗುತ್ತದೆ. ಗರ್ಭ ನಿಲ್ಲದ ಹಸುಗಳ ಮೇವಿನ ಖರ್ಚು ಬೇರೆ.

ಆದುದರಿಂದ ಸೇವೆ ಒದಗಿಸುವವರೊಡನೆ ಕರಾರು ಮಾಡಿಕೊಳ್ಳುವಾಗ, ಸಾಧ್ಯವಿದ್ದಷ್ಟು, ಹಣ ಪಾವತಿಯನ್ನು ವರ್ಗಾವಣೆಯ ಸಂಖ್ಯೆಗಲ್ಲ, ಖಚಿತಪಟ್ಟ ಗರ್ಭಕ್ಕೆ ಜೋಡಿಸುವುದು ಕ್ಷೇಮ. ಕೊಟ್ಟಿಗೆಯ ನೆರಳು, ನೀರು, ಮೇವಿಗೆ ಮಾಡುವ ಖರ್ಚು ಸಹ ಭ್ರೂಣದ ಮೇಲಿನ ಹೂಡಿಕೆಯ ಭಾಗವೇ ಎಂಬುದನ್ನು ಮರೆಯಲಾಗದು.