ಹುಡುಗರ ಶಾಲೆಯಿಂದ ಹೊಸ ಸಭೆಗೆ

ಹುಬ್ಬಳ್ಳಿಯ ಅಂಚಿನ ತಾರಿಹಾಳ ಈಗ ಕಾರ್ಖಾನೆಗಳ ಊರು. ಇಂಥ ಕಡೆ ದುಡಿಯಲು ಬರುವವರಲ್ಲಿ ಹರೆಯದವರೇ ಹೆಚ್ಚು. ಅವರಲ್ಲಿ ಕ್ರೈಸ್ತ ಮನೆತನದ ಹುಡುಗನೊಬ್ಬನಿದ್ದರೆ ಅವನಿಗೆ ತನ್ನೂರಿನಲ್ಲಿ ಸಂಡೇ ಸ್ಕೂಲ್ ಇತ್ತು, ಗಾಯನ ವೃಂದವಿತ್ತು, ಹೆಸರು ಹಿಡಿದು ಕರೆಯುವ ಸಭಾಪಾಲಕರಿದ್ದರು. ಕೆಲಸದ ಊರಿನಲ್ಲಿ ಇವು ಯಾವುವೂ ಇರುವುದಿಲ್ಲ. ಹಾಗಾಗಿ ತನ್ನಂಥ ಮೂರ್ನಾಲ್ಕು ಜನರನ್ನು ಹುಡುಕಿಕೊಂಡು ಯಾರದೋ ಬಾಡಿಗೆ ಕೋಣೆಯಲ್ಲಿ ಹಾಡಿ, ಬೈಬಲ್ ಓದಿ, ಪ್ರಾರ್ಥಿಸಿ ಏಳುವುದು ರೂಢಿಯಾಗುತ್ತದೆ. ಯುವಜನ ಕೂಟ ಎನ್ನುವುದು ಹೀಗೆ ಹುಟ್ಟುತ್ತದೆ. ಆ ಕೂಟದ ಮುಂದಾಳು ಮುಂದೊಂದು ದಿನ ಹೊಸ ಸಭೆಯನ್ನು ಕಟ್ಟಲು ಹೊರಡುವುದೂ ಉಂಟು.

ಕರ್ನಾಟಕದಲ್ಲಿ ಈ ದಾರಿಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರ ಒಂದು ಎಳೆ ಇದೇ ಹುಬ್ಬಳ್ಳಿ ಸೀಮೆಯಲ್ಲಿದೆ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲೂ 1839ರಲ್ಲಿ ಹುಬ್ಬಳ್ಳಿಯಲ್ಲೂ ಠಾಣೆ ತೆರೆಯಿತು. ಆ ದಿನಗಳಲ್ಲಿ ಈ ಭಾಗದಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಗಡವಿತ್ತು. ಪಶ್ಚಿಮದಿಂದ ಬಂದ ಈ ಪರದೇಶಿಗಳೇ ಕಾಲಜ್ಞಾನ ಹೇಳಿದ ಹೊಸ ಕಾಲವನ್ನು ತರುವವರಿರಬಹುದೆಂದು ಅವರ ಮುಖಂಡರು ಮಿಷನರಿಗಳನ್ನು ಕಂಡು ಮಾತಾಡಿದರು. ಮಿಷನರಿಗಳಿಗೆ ಆಸೆ ಚಿಗುರಿತು. ಊರಿಗೆ ಊರೇ ಬರುತ್ತದೆಂದು ಎಣಿಸಿ ಗದಗದ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಬೇಸಾಯದ ವಸಾಹತನ್ನೇ ಸಿದ್ಧಪಡಿಸಿದರು. ಹೊಲವಿತ್ತು, ನೆಲೆಯಿತ್ತು. ಜನ ಮಾತ್ರ ಎಣಿಸಿದಂತೆ ಬರಲಿಲ್ಲ. ವಸಾಹತು ಬಹುಕಾಲ ಬಾಳಲಿಲ್ಲ. ಸಭೆ ಕಟ್ಟುವ ಉಮೇದಿನಲ್ಲಿ ಮೊದಲು ಜಾಗ ಕೊಳ್ಳಲು ಓಡುವ ಇಂದಿನ ಉತ್ಸಾಹಿಗಳು ಮಲಸಮುದ್ರದ ಕಥೆಯನ್ನು ಒಮ್ಮೆ ಓದಬೇಕು.

ಅದೇ ಹೊತ್ತಿಗೆ ಮಂಗಳೂರಿನಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿತ್ತು. 1836ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್ ಆಗ ಇಪ್ಪತ್ತೈದರ ತರುಣ. ಕನ್ನಡಿಗರಿಗೆ ಅವರು ಗೊತ್ತಿರುವುದು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವರೆಂದು, ಹಳೆಯ ಕಾವ್ಯಗಳನ್ನು ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದವರೆಂದು. ಆದರೆ ಅವರ ಹಗಲು ರಾತ್ರಿಯ ಕೆಲಸ ಹುಡುಗರ ಜೊತೆಗಿತ್ತು. ವಿದ್ಯಾರ್ಥಿಗಳನ್ನು ಹತ್ತಿರವಿರಿಸಿಕೊಂಡು ಕಲಿಸಿದರು. ಮಿಷನರಿ ಈ ನೆಲದ ಜನರ ಹಾಗೆ ಸರಳವಾಗಿ ಬದುಕಬೇಕೆಂದು ಸಂಗಡಿಗರೊಡನೆ ವಾದಿಸಿದರು. ಅವರು ಹುಡುಗರಿಗೆ ಕಲಿಸಿದ ಆ ಶಾಲೆಯೇ ಬೆಳೆದು 1847ರಲ್ಲಿ ಮಂಗಳೂರಿನ ಬಲ್ಮಠದ ಸೆಮಿನರಿಯಾಯಿತು. ದಿನವೆಲ್ಲ ಒಂದೇ ಸೂರಿನಡಿ ಇದ್ದಾಗ ಗುರುವಿನ ಸಿಟ್ಟು, ಸೋಲು, ದಣಿವು ಯಾವುದೂ ಹುಡುಗರಿಂದ ಮರೆಯಾಗಿ ಉಳಿಯುವುದಿಲ್ಲ. ಯುವಜನರ ನಡುವಿನ ಸೇವೆಯ ನಿಜವಾದ ತರಬೇತಿ ಇದೇ. ವಾರಕ್ಕೊಂದು ತಾಸಿನ ಭಾಷಣದಿಂದ ಅದು ದಕ್ಕುವುದಿಲ್ಲ.

ಮಿಷನ್ ಶಾಲೆಯಲ್ಲಿ ಕಲಿಯುತ್ತಿದ್ದ ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ಊರಲ್ಲಿ ದೊಡ್ಡ ಗದ್ದಲವೆದ್ದಿತು. ಮನೆಯವರ ನೋವು ಸಣ್ಣದೇನಲ್ಲ. ಆ ಕಥೆ ಹೇಳುವಾಗ ಅದನ್ನು ಬಿಟ್ಟು ಹೇಳುವುದು ನ್ಯಾಯವೂ ಅಲ್ಲ. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯರಾದ ಆ ತರುಣ ಬಾಸೆಲ್‌ಗೆ ಹೋಗಿ ಓದಿದರು. 1851ರಲ್ಲಿ ಪಾದ್ರಿಯಾಗಿ ಅಭಿಷೇಕ ಪಡೆದು, ಮರಳಿ ಬಂದು ತಾವು ಬೆಳೆದ ಮಂಗಳೂರಿನಲ್ಲೇ ಸೆಮಿನರಿಯ ಶಿಕ್ಷಕರಾದರು. ಬಾಸೆಲ್ ಮಿಷನ್ನಿನಲ್ಲಿ ಆ ಅಭಿಷೇಕ ಪಡೆದ ಮೊದಲ ಭಾರತೀಯ ಅವರೇ.

ಶಿಷ್ಯ ಸಿದ್ಧನಾದ ಮೇಲೆ ಗುರುವಿನ ಬದುಕು ತಿರುಗಿತು. ಮೊಗ್ಲಿಂಗ್ ಸೆಮಿನರಿಯ ಹೊಣೆಯಿಂದ ಬಿಡುಗಡೆ ಪಡೆದು ತಾಯ್ನಾಡಿಗೆ ಮರಳುವ ಯೋಚನೆಯಲ್ಲಿದ್ದಾಗ ಕೊಡಗಿನಿಂದ ಅಲ್ಮಂಡ ಸೋಮಯ್ಯ ಎಂಬವರು ಅವರನ್ನು ಹುಡುಕಿಕೊಂಡು ಬಂದರು. ಸೋಮಯ್ಯನವರೊಡನೆ 1853ರಲ್ಲಿ ಮೊಗ್ಲಿಂಗ್ ಘಟ್ಟ ಹತ್ತಿದರು. ಹದಿನೈದಕ್ಕೂ ಹೆಚ್ಚು ವರ್ಷ ಕಲಿಸಿದ ಮೇಷ್ಟ್ರಿಗೆ ಅಲ್ಲಿ ತರಗತಿಯಿರಲಿಲ್ಲ, ಗಂಟೆಯಿರಲಿಲ್ಲ. ಕೊಡವರ ಒಕ್ಕದ (ಮನೆತನದ) ಕಟ್ಟು, ಭೂಮಿಯ ತಕರಾರು, ಜೀತದ ಬದುಕು, ಇವೆಲ್ಲ ಒಮ್ಮೆಲೇ ಎದುರಿಗೆ ಬಂದವು. ಅವರು ತಾವು ಕಂಡದ್ದನ್ನು ಬರೆದಿಟ್ಟ ‘ಕೂರ್ಗ್ ಮೆಮೊಯರ್ಸ್’ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು.

ಕೊಡಗಿನಲ್ಲಿ ಸಭೆಗೆ ಸೇರಿದವರಲ್ಲಿ ಬಹುಪಾಲು ಕೊಡವರಲ್ಲ, ಅವರ ಹೊಲಗಳಲ್ಲಿ ದುಡಿಯುತ್ತಿದ್ದ ಬಡ ಹೊಲೆಯ ಕುಟುಂಬಗಳು. ಅವರಿಗೆ ಉಪದೇಶ ಎಷ್ಟು ಬೇಕಿತ್ತೋ ಕೂಳು ಮತ್ತು ಕಾಲೂರಲು ನೆಲವೂ ಅಷ್ಟೇ ಬೇಕಿತ್ತು. ಕೌಂಡಿನ್ಯರ ಹಣದ ನೆರವಿನಿಂದ ಸಿದ್ದಾಪುರದ ಬಳಿ ಭೂಮಿ ಕೊಂಡು ಕಾಫಿ ಹಾಕಿದರು. ಅಲ್ಲೇ ಎದ್ದ ಸಭೆಯ ಊರಿಗೆ ಆನಂದಪುರವೆಂದು ಹೆಸರಾಯಿತು. ಇಲ್ಲಿಯೂ ಮಲಸಮುದ್ರದಂತೆ ಭೂಮಿಯ ಯೋಜನೆಯೇ ಇತ್ತಲ್ಲ ಎನ್ನಬಹುದು. ಆದರೆ ಇಲ್ಲಿ ಜನ ಮೊದಲು ಬಂದರು, ಹೊಲ ಆಮೇಲೆ ಬಂತು. ಇನ್ನೂ ದೊಡ್ಡ ವ್ಯತ್ಯಾಸವೆಂದರೆ, 1860ರಲ್ಲಿ ಮೊಗ್ಲಿಂಗ್ ಭಾರತ ಬಿಟ್ಟು ಹೊರಟಾಗ ಆನಂದಪುರದ ಹೊಣೆ ಹೊರಲು ಒಬ್ಬನಿದ್ದ, ಅವರ ಶಾಲೆಯ ಹಳೆಯ ಹುಡುಗ ಕೌಂಡಿನ್ಯ. ಹುಡುಗರ ಜೊತೆ ಕಳೆದ ವರ್ಷಗಳೇ ಆ ಸಭೆಯನ್ನು ಉಳಿಸಿದವು ಎಂದರೆ ತಪ್ಪಾಗದು.

ಇಂದು ಯುವಜನ ಕೂಟವನ್ನು ನಡೆಸಿ ಬಂದವರಿಗೆ ಹೊಸ ಸಭೆಯಲ್ಲಿ ಮೊದಲು ತಟ್ಟುವುದು ವಯಸ್ಸಿನ ವ್ಯತ್ಯಾಸ. ಕೂಟದಲ್ಲಿ ಎಲ್ಲರೂ ಓರಗೆಯವರು. ಗಿಟಾರು ಹಿಡಿದು ತಡರಾತ್ರಿವರೆಗೆ ಹಾಡಿದರೂ ಯಾರೂ ಬೇಡವೆನ್ನುವುದಿಲ್ಲ. ಸಭೆಗೆ ಕೂಸು ಬರುತ್ತದೆ, ಮುಪ್ಪಿನವರು ಬರುತ್ತಾರೆ. ತೊಟ್ಟಿಲ ಮಗುವಿಗೆ ದೀಕ್ಷಾಸ್ನಾನ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಕರ್ತನ ಭೋಜನ, ಜಗಳವಾಡಿದ ದಂಪತಿಗೆ ಸಮಾಧಾನ, ತೀರಿಕೊಂಡವರಿಗೆ ಮಣ್ಣು. ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಿದೆ. ಬೋಧಿಸಬಲ್ಲೆನೆಂದು ಎಲ್ಲರೂ ಮದುವೆ ಮಾಡಿಸುವಂತಿಲ್ಲ, ಅಧಿಕಾರ ಬೇಕು, ದಾಖಲೆ ಪುಸ್ತಕ ಬೇಕು. ಕಾಣಿಕೆಯ ಲೆಕ್ಕ ಒಬ್ಬನ ಕಿಸೆಯಲ್ಲಿರಬಾರದು. ಸ್ಮಶಾನದ ಪ್ರಶ್ನೆಯಂತೂ ತೀರ ಗಟ್ಟಿಯಾದದ್ದು. ಮೊದಲ ಸಾವು ಬರುವವರೆಗೆ ಹೊಸ ಸಭೆಯವರು ಅದನ್ನು ನೆನೆಯುವುದೇ ಇಲ್ಲ.

ಇಂಥ ಹೊಣೆಗಳಿಗೆ ತರುಣರನ್ನು ಸಿದ್ಧಪಡಿಸಲೆಂದೇ ಬಾಸೆಲ್ ಮಿಷನ್ ಒಂದು ಮೆಟ್ಟಿಲು ಇಟ್ಟಿತ್ತು. ಸೆಮಿನರಿ ಮುಗಿಸಿದ ತರುಣ ನೇರ ಪಾದ್ರಿಯಾಗುತ್ತಿರಲಿಲ್ಲ. ಉಪದೇಶಿಯಾಗಿ ಹಳ್ಳಿಗೆ ಹೋಗಿ ಶಾಲೆ ಕಲಿಸಿ, ಆರಾಧನೆ ನಡೆಸಿ, ಹಿರಿಯರ ಕಣ್ಣೆದುರು ಪಕ್ವವಾಗಬೇಕಿತ್ತು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಹೀಗೆಯೇ ಬಂದವರು. ಮಂಗಳೂರಿನಲ್ಲಿ ದೈವಜ್ಞಾನ ಓದಿ, ಉಪದೇಶಿಯಾಗಿ, ಮುಂದೆ ಪಾದ್ರಿಯಾದರು. ಸಭೆಯ ಕೆಲಸದ ನಡುವೆಯೇ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನೆರೆಯವರ ಮಾತನ್ನು ಇಷ್ಟು ಪ್ರೀತಿಯಿಂದ ಕೇಳಿಸಿಕೊಂಡ ಪಾದ್ರಿಯನ್ನು ಹೊಸ ಸಭೆ ಕಟ್ಟುವ ಯಾರೇ ಆದರೂ ಗುರುವೆಂದು ಒಪ್ಪಬಹುದು.

ಆ ಮೆಟ್ಟಿಲು ಈಗಲೂ ಇದೆ. ಧಾರವಾಡವನ್ನು ಕೇಂದ್ರವಾಗಿಟ್ಟುಕೊಂಡ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತ್ಯದಲ್ಲಿ ಸೇವೆಗೆ ಬರಬಯಸುವವರಿಗೆ ಅದೇ ಬಲ್ಮಠ ಗುಡ್ಡದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಕನ್ನಡದಲ್ಲೇ ದೈವಜ್ಞಾನ ಕಲಿಯುವ ಅವಕಾಶವಿದೆ. ಓದು ಮುಗಿದ ಮೇಲೆ ಹಿರಿಯ ಸಭಾಪಾಲಕರ ಕೈಕೆಳಗೆ ದುಡಿಮೆ, ಮೊದಲು ಡೀಕನ್ ಅಭಿಷೇಕ, ಆಮೇಲೆ ಸಭಾಪಾಲಕರ ಅಭಿಷೇಕ. ಸ್ವತಂತ್ರ ಸಭೆಗಳನ್ನು ಕಟ್ಟುವವರಿಗೆ ಈ ಕಟ್ಟುಪಾಡಿಲ್ಲ. ಅಂಥವರು ಲೆಕ್ಕ ನೋಡುವ ಹಿರಿಯರನ್ನೂ ತಪ್ಪಿದಾಗ ಕೈಹಿಡಿದು ನಿಲ್ಲಿಸುವ ಬೇರೊಂದು ಸಭೆಯ ಸಭಾಪಾಲಕರನ್ನೂ ತಾವೇ ಹುಡುಕಿಕೊಳ್ಳಬೇಕು, ಅದೂ ಬಾಡಿಗೆ ಕೋಣೆಯ ಕೂಟಕ್ಕೆ ಸಭೆಯೆಂದು ಹೆಸರಿಡುವ ಮೊದಲೇ.